ಒಗ್ಗದ ಅನ್ನ ಮತ್ತು ದಾಸೋಹದ ಪಂಕ್ತಿ

ಅನ್ನವನ್ನು ಕುರಿತು ನಮ್ಮ ಮನೆತನಗಳಲ್ಲಿ ಬೆಳೆದುಬಂದಿರುವ ಗೌರವವು ಅಸಾಧಾರಣವಾದುದು. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದೆ ಉಣ್ಣುವುದು, ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಸ್ವೀಕರಿಸುವುದು, ಬಡಿಸಿದುದನ್ನು ಬೇಡವೆನ್ನದಿರುವುದು, ಹಸಿದು ಬಾಗಿಲಿಗೆ ಬಂದವರನ್ನು ಬರಿದೆ ಕಳುಹಿಸದಿರುವುದು - ಇವನ್ನು ನಾವು ಯಾವ ಗ್ರಂಥವನ್ನು ನೋಡಿಯೂ ಕಲಿತವರಲ್ಲ. ಹಿರಿಯರ ನಡೆಯನ್ನು ನೋಡಿ ಕಲಿತವರು. ಬಾಲ್ಯದಲ್ಲಿ ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ವಿದ್ಯಾಭ್ಯಾಸ ಮಾಡಿದವನು ನಾನು. ವ್ಯಾಕರಣ, ಕಾವ್ಯ, ವಚನಗಳ ಪಾಠಗಳಿಗಿಂತಲೂ ಮೊದಲು ನಮಗೆ ದೊರೆತ ಪಾಠವೆಂದರೆ ಪಂಕ್ತಿಯಲ್ಲಿ ಬಡಿಸುವ ಪಾಠ. ಎಡಗೈಯಲ್ಲಿ ಬುಟ್ಟಿ, ಬಲಗೈಯಲ್ಲಿ ರೊಟ್ಟಿ. ಕುಳಿತವರ ಮುಖವನ್ನು ನೋಡಿ ಬಡಿಸಬೇಕು, ತಟ್ಟೆಯನ್ನು ಮಾತ್ರ ನೋಡಬಾರದು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಆ ಮಾತಿನ ಪೂರ್ಣಾರ್ಥವು ನನಗೆ ಹೊಳೆದುದು ಅರವತ್ತು ದಾಟಿದ ಮೇಲೆ.

ಇಂತಹ ಸಂಸ್ಕಾರದಲ್ಲಿ ಬೆಳೆದವರಿಗೆ, ಅನ್ನವೇ ಒಬ್ಬರ ಪ್ರಾಣಕ್ಕೆ ಎರವಾಗಬಹುದೆಂಬ ಮಾತು ಕಿವಿಗೆ ಕಠೋರವಾಗಿ ಕೇಳಿಸುತ್ತದೆ. ಆದರೆ ನಮ್ಮ ಹಿರಿಯ ತಾಯಂದಿರಿಗೆ ಈ ಸಂಗತಿ ತಿಳಿಯದೆ ಇರಲಿಲ್ಲ. 'ಈ ಹುಡುಗನಿಗೆ ಬದನೆಕಾಯಿ ಆಗಿಬರುವುದಿಲ್ಲ', 'ಆಕೆಗೆ ಅದು ನಂಜು' ಎಂದು ಅವರು ಗುರುತಿಟ್ಟುಕೊಂಡು, ಆ ಪದಾರ್ಥವನ್ನು ಅವರ ತಟ್ಟೆಯಿಂದ ದೂರವಿಡುತ್ತಿದ್ದರು. ವೈದ್ಯರು ಅಲರ್ಜಿ ಎಂದು ಕರೆಯುವ, ಕನ್ನಡದಲ್ಲಿ ಒಗ್ಗದಿಕೆ ಎನ್ನಬಹುದಾದ ಈ ತೊಂದರೆಗೆ ಬಹುಕಾಲದವರೆಗೆ ಇದ್ದ ಉಪಾಯವೂ ಅದೊಂದೇ: ಆ ಪದಾರ್ಥವನ್ನು ವರ್ಜಿಸುವುದು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಸ್ಥಿತಿ ಬದಲಾಗಿದೆ. ನಮ್ಮ ಕುಟುಂಬದ ಒಂದು ಮಗುವಿನ ನಿಮಿತ್ತವಾಗಿ ನಾನು ಈ ವಿಷಯವನ್ನು ಓದಿ ತಿಳಿಯಬೇಕಾಯಿತು. ಮಠದ ಪ್ರಸಾದ ನಿಲಯದಲ್ಲಿ ನನ್ನ ಬಳಿ ಓದಿ, ಈಗ ಮಕ್ಕಳ ವೈದ್ಯರಾಗಿರುವ ಶಿಷ್ಯರೊಬ್ಬರು ತಿಳಿಯದುದನ್ನು ಬಿಡಿಸಿ ಹೇಳಿದರು. ಹೀಗೆ ತಿಳಿದುದನ್ನು ಮನೆಮನೆಯ ತಾಯಿತಂದೆಯರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಒಗ್ಗದಿಕೆ ಎಂದರೇನು ಎಂಬುದನ್ನು ವಿಚಾರಿಸೋಣ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು, ಕಡಲೆಹಿಟ್ಟು ತಿಂದರೆ ವಾಯುವಾಗುವುದು ಇವೆಲ್ಲ ಜೀರ್ಣಶಕ್ತಿಗೆ ಸಂಬಂಧಿಸಿದ ತೊಂದರೆಗಳು; ಇವುಗಳಿಂದ ಪ್ರಾಣಭಯವಿಲ್ಲ. ಒಗ್ಗದಿಕೆಯ ಬಗೆಯೇ ಬೇರೆ. ನಮ್ಮ ಶರೀರದಲ್ಲಿ ರೋಗಾಣುಗಳನ್ನು ತಡೆಯುವ ಒಂದು ಕಾವಲು ವ್ಯವಸ್ಥೆಯಿದೆ. ಬಾಗಿಲು ಕಾಯುವವನು ಮನೆಗೆ ಬಂದ ಅತಿಥಿಯನ್ನೇ ಕಳ್ಳನೆಂದು ಬಗೆದು ಊರೆಲ್ಲ ಎದ್ದು ಬರುವಂತೆ ಕೂಗಿದರೆ ಏನಾದೀತೋ ಅದೇ ಇಲ್ಲಿ ಆಗುತ್ತದೆ. ನಿರಪಾಯವಾದ ಆಹಾರದ ಪ್ರೋಟೀನನ್ನು ಶರೀರವು ಶತ್ರುವೆಂದು ತಿಳಿದು, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಟ್ಟುಕೊಳ್ಳುತ್ತದೆ. ಮುಂದೆ ಆ ಆಹಾರವು ಒಳಹೊಕ್ಕಾಗ ಈ ಪ್ರತಿಕಾಯದ ಸನ್ನೆಯಿಂದ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಹೊರಚೆಲ್ಲುತ್ತವೆ. ಮೈಮೇಲೆ ಗಂಧೆಗಳು ಏಳುತ್ತವೆ, ತುಟಿ ಬಾಯುತ್ತದೆ, ವಾಂತಿಯಾಗುತ್ತದೆ. ತೀವ್ರವಾದರೆ ಉಸಿರಿನ ದಾರಿ ಬಿಗಿದು, ರಕ್ತದೊತ್ತಡ ಕುಸಿದು, ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಒದಗಬಹುದು. ಈ ತೀವ್ರ ರೂಪಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರು. ಅದನ್ನು 1902ರಲ್ಲಿ ಗುರುತಿಸಿ ಹೆಸರಿಟ್ಟವರು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ. ರಿಶೆಯವರಿಗೆ ಇದೇ ಕಾರ್ಯಕ್ಕಾಗಿ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಲರ್ಜಿ ಎಂಬ ಪದವನ್ನು 1906ರಲ್ಲಿ ಟಂಕಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಐಜಿಇಯನ್ನು ಕಂಡುಹಿಡಿದವರು ಅಮೆರಿಕೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಜಪಾನಿನ ಇಶಿಜಾಕಾ ದಂಪತಿಗಳು, 1966ರಲ್ಲಿ; ಅದೇ ಸುಮಾರಿಗೆ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನಿಕ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡರು. ಇಂದಿನ ಚಿಕಿತ್ಸೆಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ.

ಇನ್ನು ನಮ್ಮ ಮಗುವಿನ ವಿಷಯ. ನನ್ನ ತಮ್ಮನ ಮಗಳು ಮದುವೆಯಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾಳೆ. 2018ರಲ್ಲಿ ಆಕೆಗೆ ಗಂಡುಮಗು ಜನಿಸಿತು. ಮರುವರ್ಷದ ದೀಪಾವಳಿಯ ಹೊತ್ತಿಗೆ ಇಲ್ಲಿಂದ ಹೋಗುವವರೊಬ್ಬರ ಕೈಯಲ್ಲಿ ನನ್ನ ತಮ್ಮನ ಹೆಂಡತಿ, ಅಂದರೆ ಆ ಮಗುವಿನ ಅಜ್ಜಿ, ತನ್ನ ಕೈಯಾರೆ ಕುಟ್ಟಿದ ಶೇಂಗಾ ಹಿಂಡಿಯನ್ನು ಮಗಳಿಗೆ ಕಳುಹಿಸಿದ್ದಳು. ನಮ್ಮ ಕಡೆಯ ಯಾವ ಮನೆಯಲ್ಲಿ ಅದಿಲ್ಲ? ರೊಟ್ಟಿಯ ಜೊತೆಗೆ ಮೊಸರು, ಮೊಸರಿನ ಮೇಲೆ ಶೇಂಗಾ ಹಿಂಡಿ. ಅದಿಲ್ಲದ ಊಟ ಊಟವೇ ಅಲ್ಲ. ತಾಯಿ ಉಣ್ಣುತ್ತಿದ್ದಾಗ ಮಗುವು ಆಕೆಯ ತಟ್ಟೆಗೆ ಕೈಹಾಕಿ ಬೆರಳನ್ನು ಬಾಯಿಗಿಟ್ಟುಕೊಂಡಿತು. ಹತ್ತು ನಿಮಿಷವೂ ಕಳೆದಿರಲಿಲ್ಲ. ತುಟಿ, ಕಣ್ಣುಗಳು ಬಾತವು, ಮೈಯೆಲ್ಲ ಗಂಧೆಯೆದ್ದಿತು, ಮಗು ವಾಂತಿ ಮಾಡಿಕೊಂಡು ಉಸಿರಿಗಾಗಿ ಒದ್ದಾಡತೊಡಗಿತು. ಆಂಬ್ಯುಲೆನ್ಸಿನವರು ಬಂದು ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದನ್ನು ಕೊಟ್ಟ ಮೇಲೆ ಮಗು ಉಳಿಯಿತು. ಆ ಸುದ್ದಿ ತಿಳಿದ ದಿನದಿಂದ ಇಲ್ಲಿ ಅಜ್ಜಿಯು ಒಂದು ವರ್ಷಕಾಲ ಮನೆಯಲ್ಲಿ ಶೇಂಗಾ ಹುರಿಯಲಿಲ್ಲ. ಕಳುಹಿಸಿದ ಪ್ರೀತಿಯೇ ಮಗುವಿಗೆ ಕಂಟಕವಾಯಿತಲ್ಲಾ ಎಂಬ ನೋವು ಆಕೆಯನ್ನು ಕೊರೆಯುತ್ತಿತ್ತು. ಆಕೆಯದು ಯಾವ ತಪ್ಪೂ ಇರಲಿಲ್ಲ. ಮಗುವಿಗೆ ಶೇಂಗಾ ಒಗ್ಗದೆಂಬುದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ.

ಮಗುವಿಗೆ ಐದು ವರ್ಷ ತುಂಬಿದ ಬಳಿಕ, 2023ರಲ್ಲಿ, ಅಲ್ಲಿಯ ವೈದ್ಯರು ಒಂದು ಹೊಸ ಚಿಕಿತ್ಸೆಯನ್ನು ಆರಂಭಿಸಿದರು. ಅದರ ವಿಧಾನವನ್ನು ಕೇಳಿ ನಮಗೆಲ್ಲ ಆಶ್ಚರ್ಯವಾಯಿತು. ಯಾವ ಶೇಂಗಾ ಮಗುವನ್ನು ಸಾವಿನ ಬಾಗಿಲಿಗೆ ಒಯ್ದಿತ್ತೋ ಆ ಶೇಂಗಾವನ್ನೇ ಔಷಧವೆಂದು ಕೊಡುವುದು! ವಿಚಾರವು ತೀರ ಹೊಸದೇನೂ ಅಲ್ಲ. 1908ರಷ್ಟು ಹಿಂದೆಯೇ ಆಲ್ಫ್ರೆಡ್ ಸ್ಕೋಫೀಲ್ಡ್ ಎಂಬ ಆಂಗ್ಲ ವೈದ್ಯರು ಮೊಟ್ಟೆ ಒಗ್ಗದ ಹದಿಮೂರು ವರ್ಷದ ಹುಡುಗನಿಗೆ ಮೊಟ್ಟೆಯ ಅತ್ಯಲ್ಪ ಅಂಶವನ್ನು ಗುಳಿಗೆಯಲ್ಲಿ ಸೇರಿಸಿ ಕೊಡುತ್ತ, ಕ್ರಮವಾಗಿ ಹೆಚ್ಚಿಸುತ್ತ ಬಂದುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಒಂದು ಶತಮಾನದ ಅನಂತರ ಅದೇ ವಿಚಾರವು ಅಳತೆ, ಪರೀಕ್ಷೆ, ನಿಯಮಗಳ ಚೌಕಟ್ಟಿನಲ್ಲಿ ಚಿಕಿತ್ಸೆಯಾಗಿ ರೂಪುಗೊಂಡಿತು. ಪ್ಯಾಲ್ಫೋರ್ಜಿಯಾ ಎಂಬ ಹೆಸರಿನ ಶೇಂಗಾ ಪುಡಿಗೆ 2020ರ ಜನವರಿಯಲ್ಲಿ ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆಯು ಅನುಮತಿಯನ್ನಿತ್ತಿತು. 2022ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯಸೇವೆಯಲ್ಲಿಯೂ ನಾಲ್ಕರಿಂದ ಹದಿನೇಳು ವರ್ಷದ ಮಕ್ಕಳಿಗೆ ಅದನ್ನು ಶಿಫಾರಸು ಮಾಡಲಾಯಿತು.

ಚಿಕಿತ್ಸೆಯ ಮೊದಲ ದಿನ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿಗೆ, ಅರ್ಧ ಮಿಲಿಗ್ರಾಂ ಶೇಂಗಾ ಪ್ರೋಟೀನಿನಿಂದ ಆರಂಭ. ಅದೇ ದಿನ ಹಂತಹಂತವಾಗಿ ಏರಿಸಿ ಮಗುವು ಎಷ್ಟನ್ನು ತಾಳುತ್ತದೆಂದು ನೋಡುತ್ತಾರೆ. ಬಳಿಕ 3 ಮಿಲಿಗ್ರಾಂ ದಿನನಿತ್ಯ. ಎರಡು ವಾರಗಳಿಗೊಮ್ಮೆ ಆಸ್ಪತ್ರೆಯಲ್ಲಿಯೇ 6, 12, 20, 40 ಹೀಗೆ ಏರುತ್ತ ಏರುತ್ತ ಹನ್ನೊಂದು ಮೆಟ್ಟಿಲುಗಳನ್ನು ಹತ್ತಿ 300 ಮಿಲಿಗ್ರಾಂ ತಲುಪುವಷ್ಟರಲ್ಲಿ ಆರು ತಿಂಗಳು ಹಿಡಿಯುತ್ತದೆ. ಆ 300 ಮಿಲಿಗ್ರಾಂ ಎಂದರೆ ಎಷ್ಟು ಬಲ್ಲಿರಾ? ಹೆಚ್ಚುಕಡಿಮೆ ಒಂದೇ ಒಂದು ಶೇಂಗಾ ಕಾಳು! ಅದನ್ನು ಪ್ರತಿದಿನವೂ, ತಪ್ಪದೆ, ತಿಂಡಿಯಲ್ಲಿ ಬೆರೆಸಿ ಕೊಡುತ್ತಲೇ ಇರಬೇಕು. ಬರಿಯ ಹೊಟ್ಟೆಯಲ್ಲಿ ಕೊಡಬಾರದು. ಕೊಟ್ಟ ಬಳಿಕ ಕೆಲವು ಗಂಟೆಗಳ ಕಾಲ ಮಗು ಓಡಿಯಾಡಬಾರದು, ಬಿಸಿನೀರಿನ ಸ್ನಾನ ಮಾಡಬಾರದು. ಜ್ವರ ಬಂದರೆ ವೈದ್ಯರನ್ನು ಕೇಳಬೇಕು. ಅಡ್ರಿನಲಿನ್ ಚುಚ್ಚುಮದ್ದು ಸದಾ ಕೈಯಳತೆಯಲ್ಲಿರಬೇಕು. ಒಂದು ನಿತ್ಯನೇಮದಂತೆ, ವ್ರತದಂತೆ, ನನ್ನ ತಮ್ಮನ ಮಗಳು ಮತ್ತು ಅಳಿಯ ಇದನ್ನು ನಡೆಸಿಕೊಂಡು ಬಂದರು.

ಆರು ತಿಂಗಳ ಮೆಟ್ಟಿಲುಗಳು ಮುಗಿದ ಸುದ್ದಿ ಬಂದ ದಿನ ಅಜ್ಜಿಯು ನನ್ನ ಬಳಿ ಬಂದು, 'ಭಾವಾರ, ಇನ್ನ ಮ್ಯಾಲೆ ನಮ್ಮ ಹುಡುಗ ನನ್ನ ಕೈಯಾಗಿನ ಶೇಂಗಾ ಹೋಳಿಗಿ ತಿನಬಹುದಲ್ರಿ?' ಎಂದು ಕೇಳಿದಳು. ಆ ಪ್ರಶ್ನೆಗೆ ಇಲ್ಲವೆಂದು ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಆದರೆ ಆ 'ಇಲ್ಲ'ದಲ್ಲಿಯೇ ಈ ಚಿಕಿತ್ಸೆಗಳ ಸ್ವರೂಪವೆಲ್ಲ ಅಡಗಿದೆ. ರೋಗವನ್ನು ಬೇರುಸಹಿತ ಕಿತ್ತು ಹಾಕುವ ಶಕ್ತಿ ಇವಕ್ಕಿಲ್ಲ. ಶರೀರವು ಸಹಿಸಬಲ್ಲ ಮಿತಿಯನ್ನು ಇವು ಏರಿಸುತ್ತವೆ. ಮೊದಲು ಬೆರಳ ತುದಿಯ ಪುಡಿಗೇ ಉಸಿರು ಕಟ್ಟುತ್ತಿದ್ದ ಮಗುವು ಈಗ ಅರಿಯದೆ ಒಂದೆರಡು ಕಾಳಿನಷ್ಟು ತಿಂದರೂ ಉಳಿದುಕೊಳ್ಳುವ ಸಂಭವ ಹೆಚ್ಚು. ಹೋಳಿಗೆಯನ್ನು ಉಣ್ಣಿಸುವುದು ಈ ಚಿಕಿತ್ಸೆಯ ಗುರಿಯಲ್ಲ. ಹೋಳಿಗೆಯ ಚೂರು ಬಿದ್ದ ತಟ್ಟೆಯಿಂದ ಮಗುವನ್ನು ಕಾಪಾಡುವುದು ಅದರ ಗುರಿ.

2018ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರ ಅಂಕಿಗಳೂ ಇದನ್ನೇ ಹೇಳುತ್ತವೆ. ಈ ಪುಡಿಯನ್ನು ಪಡೆದ ಮಕ್ಕಳಲ್ಲಿ ನೂರಕ್ಕೆ 67 ಮಂದಿ ಕೊನೆಯಲ್ಲಿ 600 ಮಿಲಿಗ್ರಾಂ ಶೇಂಗಾ ಪ್ರೋಟೀನನ್ನು, ಅಂದರೆ ಸುಮಾರು ಎರಡು ಕಾಳುಗಳನ್ನು, ತಾಳಬಲ್ಲವರಾದರು; ಹುಸಿಪುಡಿಯನ್ನು ಪಡೆದವರಲ್ಲಿ ನೂರಕ್ಕೆ 4 ಮಂದಿ ಮಾತ್ರ. ಆದರೆ ಚಿಕಿತ್ಸೆಯ ಕಾಲದಲ್ಲಿ ಪುಡಿಯನ್ನು ಪಡೆದವರಲ್ಲಿ ನೂರಕ್ಕೆ 14 ಮಂದಿಗೆ ಅಡ್ರಿನಲಿನ್ ಕೊಡಬೇಕಾಯಿತೆಂಬುದನ್ನೂ ಮರೆಯಬಾರದು. ಆದ್ದರಿಂದ ಇದು ಮನೆಯಲ್ಲಿ ನಾವೇ ಮಾಡಿ ನೋಡುವ ಪ್ರಯೋಗವಲ್ಲ. 'ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿದರೆ ಅಭ್ಯಾಸವಾಗುತ್ತದೆ' ಎಂದು ಅಡುಗೆಮನೆಯಲ್ಲಿ ಚಿಟಿಕೆಯ ಲೆಕ್ಕದಲ್ಲಿ ಹೊರಟವರು ಅನಾಹುತವನ್ನು ಬರಮಾಡಿಕೊಂಡಾರು. ಇನ್ನೊಂದು ಪರೀಕ್ಷೆಯು, 2022ರಲ್ಲಿ ಪ್ರಕಟವಾದುದು, ಒಂದರಿಂದ ಮೂರು ವರ್ಷದ ಎಳೆಯ ಮಕ್ಕಳ ಮೇಲೆ ನಡೆಯಿತು. ಅಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 71 ಮಕ್ಕಳ ತಾಳಿಕೆ ಹೆಚ್ಚಿತು; ಚಿಕಿತ್ಸೆ ನಿಲ್ಲಿಸಿ ಆರು ತಿಂಗಳಾದ ಮೇಲೂ ನೂರಕ್ಕೆ 21 ಮಕ್ಕಳಲ್ಲಿ ಆ ತಾಳಿಕೆ ಉಳಿದಿತ್ತು. ಎಳೆಯ ವಯಸ್ಸಿನಲ್ಲಿ ಶರೀರದ ಮನಸ್ಸನ್ನು ತಿದ್ದುವುದು ಸುಲಭವೆಂಬ ಆಶೆಯನ್ನು ಇದು ಹುಟ್ಟಿಸಿದೆ.

ಎರಡನೆಯದು ಚುಚ್ಚುಮದ್ದಿನ ದಾರಿ. ಒಮಲಿಜುಮ್ಯಾಬ್ ಎಂಬ ಔಷಧವು ರಕ್ತದಲ್ಲಿರುವ ಐಜಿಇಯನ್ನೇ ಹಿಡಿದು ಕಟ್ಟಿಹಾಕುತ್ತದೆ. ಕೂಗೆಬ್ಬಿಸುವ ಕಾವಲುಗಾರನ ಬಾಯಿಗೆ ಕೈಯಿಟ್ಟಂತೆ. ಇದು 2003ರಿಂದಲೂ ಆಸ್ತಮಾ ರೋಗಕ್ಕೆ ಬಳಕೆಯಲ್ಲಿದ್ದ ಔಷಧ. 2024ರ ಫೆಬ್ರವರಿಯಲ್ಲಿ ಅಮೆರಿಕೆಯಲ್ಲಿ ಇದನ್ನು ಆಹಾರದ ಒಗ್ಗದಿಕೆಗೂ, ಒಂದು ವರ್ಷ ಮೇಲ್ಪಟ್ಟವರಿಗೆ, ಕೊಡಬಹುದೆಂದು ಅನುಮತಿ ದೊರೆಯಿತು. ಎರಡು ಅಥವಾ ನಾಲ್ಕು ವಾರಗಳಿಗೊಮ್ಮೆ ಚರ್ಮದಡಿಯಲ್ಲಿ ಚುಚ್ಚಬೇಕು. ಶೇಂಗಾದ ಜೊತೆಗೆ ಇನ್ನೂ ಎರಡಾದರೂ ಆಹಾರಗಳು ಒಗ್ಗದಿದ್ದ 177 ಮಕ್ಕಳು ಮತ್ತು ಹದಿಹರೆಯದವರಲ್ಲಿ, ಹದಿನಾರು ವಾರಗಳ ಬಳಿಕ, ಈ ಮದ್ದನ್ನು ಪಡೆದವರ ಪೈಕಿ ನೂರಕ್ಕೆ 67 ಮಂದಿ 600 ಮಿಲಿಗ್ರಾಂ ಶೇಂಗಾ ಪ್ರೋಟೀನನ್ನು ತಾಳಿದರು. ಹುಸಿಮದ್ದು ಪಡೆದವರಲ್ಲಿ ನೂರಕ್ಕೆ 7 ಮಂದಿ. ಹಲವು ಆಹಾರಗಳು ಒಟ್ಟಿಗೆ ಒಗ್ಗದವರಿಗೆ ಇದರಿಂದ ಹೆಚ್ಚಿನ ಪ್ರಯೋಜನ, ಏಕೆಂದರೆ ಇದು ಯಾವ ಒಂದು ಆಹಾರಕ್ಕೂ ಸೀಮಿತವಾದುದಲ್ಲ. ಇದು ಫಲಕಾರಿಯಾಗದವರೂ ಉಂಟು. ಚುಚ್ಚುಮದ್ದನ್ನು ಪಡೆಯುತ್ತಿರುವವರೂ ಒಗ್ಗದ ಆಹಾರವನ್ನು ವರ್ಜಿಸುತ್ತಲೇ ಇರಬೇಕು. ಅಪಾಯ ಒದಗಿದ ಗಳಿಗೆಯಲ್ಲಿ ಇದು ಕೆಲಸಕ್ಕೆ ಬರುವುದೂ ಇಲ್ಲ. ನಮ್ಮ ದೇಶದಲ್ಲಿ ಆಸ್ತಮಾ ಮತ್ತು ಹಳೆಯ ಗಂಧೆರೋಗಕ್ಕೆ ಇದನ್ನು ಕೊಡುವ ವೈದ್ಯರಿದ್ದಾರೆ. ಬೆಲೆ ಮಾತ್ರ ಸಾಮಾನ್ಯ ಕುಟುಂಬಗಳಿಗೆ ಭಾರವಾದುದು. ಮೂರನೆಯದಾಗಿ, ಚರ್ಮದ ಮೇಲೆ ಅಂಟಿಸುವ ಪಟ್ಟಿಯ ಮೂಲಕ 250 ಮೈಕ್ರೋಗ್ರಾಂ ಶೇಂಗಾ ಪ್ರೋಟೀನನ್ನು ಶರೀರಕ್ಕೆ ಪರಿಚಯಿಸುವ ಪ್ರಯತ್ನವೊಂದುಂಟು. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಅದರ ಪರೀಕ್ಷೆಯ ಫಲಿತಾಂಶವು 2023ರಲ್ಲಿ ಪ್ರಕಟವಾಗಿ ಆಶಾದಾಯಕವೆನಿಸಿತು.

ಚಿಕಿತ್ಸೆಗಿಂತ ದೊಡ್ಡದು ರೋಗ ಬಾರದಂತೆ ತಡೆಯುವುದು. ಇಲ್ಲಿ ವೈದ್ಯಲೋಕವು ತನ್ನ ಉಪದೇಶವನ್ನೇ ತಿರುಗಿಸಬೇಕಾಯಿತು. 2000ದಲ್ಲಿ ಅಮೆರಿಕೆಯ ಮಕ್ಕಳ ವೈದ್ಯರ ಸಂಘವು, ಒಗ್ಗದಿಕೆಯ ಸಂಭವವುಳ್ಳ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬೇಡಿರೆಂದು ಹೇಳಿತ್ತು; 2008ರಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಲಂಡನ್ನಿನ ಡಾ. ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಒಂದು ವಿಸ್ಮಯವನ್ನು ಪ್ರಕಟಿಸಿದರು: ಬ್ರಿಟನ್ನಿನಲ್ಲಿ ಬೆಳೆಯುವ ಯಹೂದಿ ಮಕ್ಕಳಲ್ಲಿ ಶೇಂಗಾ ಒಗ್ಗದಿಕೆಯು ಇಸ್ರೇಲಿನಲ್ಲಿ ಬೆಳೆಯುವ ಯಹೂದಿ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಇಸ್ರೇಲಿನಲ್ಲಿ ಹಸುಗೂಸುಗಳಿಗೆ ಎಳವೆಯಲ್ಲಿಯೇ ಶೇಂಗಾದಿಂದ ಮಾಡಿದ ಬಾಯಲ್ಲಿ ಕರಗುವ ತಿಂಡಿಯನ್ನು ತಿನ್ನಿಸುವ ರೂಢಿಯಿತ್ತು. ಇದರ ಜಾಡು ಹಿಡಿದು, ತೀವ್ರ ಇಸುಬು ಅಥವಾ ಮೊಟ್ಟೆಯ ಒಗ್ಗದಿಕೆಯಿದ್ದ 640 ಕೂಸುಗಳನ್ನು ಎರಡು ಗುಂಪು ಮಾಡಿ ಅವರು ಪರೀಕ್ಷಿಸಿದರು. 2015ರಲ್ಲಿ ಫಲಿತಾಂಶ ಹೊರಬಂದಿತು: ಐದು ವರ್ಷವಾಗುವಷ್ಟರಲ್ಲಿ, ಶೇಂಗಾವನ್ನು ದೂರವಿಟ್ಟ ಮಕ್ಕಳಲ್ಲಿ ನೂರಕ್ಕೆ 17 ಮಂದಿಗೆ ಒಗ್ಗದಿಕೆ, ಎಳವೆಯಿಂದಲೇ ತಿಂದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ನಮ್ಮ ಮನೆಗಳ ತಾಯಂದಿರು ಇದರಿಂದ ಗ್ರಹಿಸಬೇಕಾದುದಿಷ್ಟು: ಆರು ತಿಂಗಳ ಸುಮಾರಿಗೆ ಮೇಲುಣಿಸು ಆರಂಭಿಸಿದ ಬಳಿಕ, ಮನೆಯವರು ಉಣ್ಣುವ ಆಹಾರಗಳನ್ನು ಭಯದಿಂದ ವರ್ಷಗಟ್ಟಲೆ ಮುಂದೂಡಬೇಕಾಗಿಲ್ಲ. ನುಣ್ಣಗೆ ಅರೆದು, ತೆಳ್ಳಗೆ ಮಾಡಿ, ಸ್ವಲ್ಪವಾಗಿ ಕೊಡಬೇಕು. ಇಡಿಯ ಕಾಳನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಂಡೀತು. ತೀವ್ರವಾದ ಇಸುಬುಳ್ಳ ಕೂಸಾದರೆ ಮೊದಲು ವೈದ್ಯರನ್ನು ಕಾಣಬೇಕು.

ನಮ್ಮ ನಾಡಿನ ಸ್ಥಿತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೈಸೂರಿನವರೇ ಮುಂದಾಗಿದ್ದಾರೆಂಬುದು ಸಂತೋಷದ ಸಂಗತಿ. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಏಳುನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ನಮ್ಮ ಅಜ್ಜಿಯಂದಿರು ನಂಜೆಂದು ಹೇಳುತ್ತಿದ್ದ ಆ ಬದನೆಕಾಯಿಯ ಒಗ್ಗದಿಕೆಯನ್ನೇ ಕುರಿತು 2008ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ಅಂತರರಾಷ್ಟ್ರೀಯ ಸಮೀಕ್ಷೆಯೊಂದರ ಅಂಗವಾಗಿ ಕರ್ನಾಟಕದ 11,791 ವಯಸ್ಕರನ್ನು ವಿಚಾರಿಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಕಾಣಿಸಿಕೊಂಡವರು ನೂರಕ್ಕೆ 26.5, ನಿಜವಾಗಿ ಒಗ್ಗದಿಕೆಯಿರುವ ಸಂಭವವುಳ್ಳವರು ನೂರಕ್ಕೆ 1.2 ಮಾತ್ರ. ಶಾಲೆಯ ಮಕ್ಕಳಲ್ಲಿ ಆ ಪ್ರಮಾಣವು ಇನ್ನೂ ಕಡಿಮೆ, ನೂರಕ್ಕೆ 0.14 ಎಂದು 2020ರಲ್ಲಿ ಪ್ರಕಟವಾಯಿತು.

ಈ ಎರಡು ಅಂಕಿಗಳ ನಡುವಣ ಅಂತರವನ್ನು ತಾಯಿತಂದೆಯರು ಚೆನ್ನಾಗಿ ಗಮನಿಸಬೇಕು. ರಕ್ತಪರೀಕ್ಷೆಯ ಕಾಗದದಲ್ಲಿ ಒಂದು ಆಹಾರದ ಹೆಸರು ಬಂದ ಮಾತ್ರಕ್ಕೆ ಆ ಆಹಾರವು ಒಗ್ಗದೆಂದು ತೀರ್ಮಾನಿಸುವಂತಿಲ್ಲ. ತಿಂದಾಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಪ್ರತಿಸಲವೂ ಆಯಿತೇ ಎಂಬ ವಿಚಾರಣೆಯೇ ಮುಖ್ಯ. ಪರೀಕ್ಷೆಯು ಅದಕ್ಕೆ ಸಾಕ್ಷಿ ನುಡಿಯಬಲ್ಲುದು, ಅಷ್ಟೇ. ನೂರಾರು ಆಹಾರಗಳ ಪಟ್ಟಿಯುಳ್ಳ ದುಬಾರಿ ಪರೀಕ್ಷೆಗಳನ್ನು ಮಾಡಿಸಿ, ಹಾಲು, ಗೋಧಿ, ಬೇಳೆ, ತರಕಾರಿಗಳನ್ನೆಲ್ಲ ಬಿಡಿಸಿ, ಬೆಳೆಯುವ ಮಗುವನ್ನು ಬಡಕಲಾಗಿಸಿದ ಕುಟುಂಬಗಳನ್ನು ನಾನು ಬಲ್ಲೆ. ಇಲ್ಲದ ಒಗ್ಗದಿಕೆಗೆ ಹೆದರಿ ಅನ್ನ ಬಿಡುವುದು, ಇರುವ ಒಗ್ಗದಿಕೆಯನ್ನು ಅಲಕ್ಷಿಸಿ ಉಣ್ಣುವುದು - ಎರಡೂ ಮಗುವಿಗೆ ಕೇಡೇ.

ಎಷ್ಟೇ ಹೊಸ ಚಿಕಿತ್ಸೆಗಳು ಬಂದರೂ ಅಪಾಯದ ಗಳಿಗೆಯಲ್ಲಿ ಪ್ರಾಣರಕ್ಷಕವಾದ ಮೊದಲ ಔಷಧ ಅಡ್ರಿನಲಿನ್ ಒಂದೇ. ಅದನ್ನು ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಬೇಗನೆ ಚುಚ್ಚಬೇಕು. ಗಂಧೆಯ ಗುಳಿಗೆಯನ್ನು ನುಂಗಿಸಿ ಕಾಯುತ್ತ ಕೂಡುವುದು ಅಪಾಯಕರ. ಹೊರದೇಶಗಳಲ್ಲಿ ಒತ್ತಿದರೆ ತಾನೇ ಚುಚ್ಚುವ ಸಿದ್ಧ ಸಾಧನಗಳಿವೆ. 2024ರ ಆಗಸ್ಟಿನಲ್ಲಿ ಮೂಗಿಗೆ ಸಿಂಪಡಿಸುವ ರೂಪಕ್ಕೂ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ನಮ್ಮಲ್ಲಿ ಇಂತಹವು ಸುಲಭವಾಗಿ ಸಿಗುವುದಿಲ್ಲವಾದರೂ, ಅಡ್ರಿನಲಿನ್ನಿನ ಚಿಕ್ಕ ಗಾಜಿನ ಸೀಸೆಯು ಅಗ್ಗದ ಔಷಧ. ಮಗುವಿನ ಉಸಿರು ಅಥವಾ ಪ್ರಜ್ಞೆ ತೊಂದರೆಗೀಡಾದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಒಯ್ದು, 'ಇಂಥದನ್ನು ತಿಂದ ಮೇಲೆ ಹೀಗಾಯಿತು' ಎಂದು ಮೊದಲ ಮಾತಿನಲ್ಲಿಯೇ ಹೇಳಬೇಕು. ಚೇತರಿಸಿಕೊಂಡ ಕೆಲವು ಗಂಟೆಗಳ ಮೇಲೆ ತೊಂದರೆ ಮರುಕಳಿಸಬಹುದಾದ್ದರಿಂದ ವೈದ್ಯರು ಹೇಳುವವರೆಗೆ ಮನೆಗೆ ಕರೆತರಬಾರದು.

ಇನ್ನು ಉಳಿದುದು ದಾಸೋಹದ ಪ್ರಶ್ನೆ. ಪ್ರಸಾದವನ್ನು ಒಲ್ಲೆನ್ನಬಾರದೆಂಬ ನಿಷ್ಠೆಯಲ್ಲಿ ಬೆಳೆದ ನಮಗೆ, ಒಗ್ಗದೆಂದು ತಟ್ಟೆಯ ಮೇಲೆ ಕೈಯಡ್ಡ ಹಿಡಿಯುವ ಮಗುವು ಅವಿನಯದ ಮೂರ್ತಿಯಾಗಿ ಕಂಡೀತು. 2024ರ ಶ್ರಾವಣದಲ್ಲಿ, ಶಾಲೆಯ ರಜೆಗೆಂದು ಊರಿಗೆ ಬಂದಿದ್ದ ನಮ್ಮ ಹುಡುಗನನ್ನು ಪ್ರವಚನದ ಮಂಗಲದ ದಿನ ನಾನು ಮಠಕ್ಕೆ ಕರೆದೊಯ್ದಿದ್ದೆ. ಆರು ವರ್ಷದವನು ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತಿದ್ದ. ವಯೋವೃದ್ಧ ಭಕ್ತರೊಬ್ಬರು ಶೇಂಗಾ ಹೋಳಿಗೆಯ ಬುಟ್ಟಿಯನ್ನು ಹಿಡಿದು ಬಂದು, 'ಪ್ರಸಾದ ಒಲ್ಲೆ ಅನಬಾರದಪ್ಪಾ, ಒಂದು ತುಣುಕರೆ ತೊಗೋ' ಎಂದು ಪ್ರೀತಿಯಿಂದ ಒತ್ತಾಯಿಸಿದರು. ಹುಡುಗನು ಎರಡೂ ಕೈ ಜೋಡಿಸಿ, 'ಅಜ್ಜಾರ, ನನಗ ಶೇಂಗಾ ಆಗೂದಿಲ್ರಿ. ಹುಗ್ಗಿ ಹಾಕ್ರಿ' ಎಂದನು. ಆ ಹಿರಿಯರು ಒಂದು ಕ್ಷಣ ಹುಡುಗನ ಮುಖವನ್ನೇ ನೋಡಿದರು. ಬುಟ್ಟಿಯನ್ನು ಇನ್ನೊಬ್ಬರಿಗೆ ಕೊಟ್ಟು, ಹೋಗಿ ಕೈ ತೊಳೆದುಕೊಂಡು ಬಂದು, ಬೇರೆ ಪಾತ್ರೆಯಿಂದ ತಾವೇ ಹುಗ್ಗಿಯನ್ನು ಬಡಿಸಿದರು. ಆ ಗದ್ದಲದಲ್ಲಿ ಹೋಳಿಗೆಯ ಪುಡಿ ಒಂದಿಷ್ಟು ಹುಡುಗನ ತಟ್ಟೆಯ ಅಂಚಿಗೆ ಬಿದ್ದಿದ್ದರೂ ಬಿದ್ದಿರಬಹುದು. ಆ ಪುಡಿಯಿಂದ ಅವನನ್ನು ಕಾಯಲು ನಿತ್ಯದ ಒಂದು ಕಾಳಿನ ಚಿಕಿತ್ಸೆಯಿತ್ತು. ಇಡಿಯ ಹೋಳಿಗೆಯಿಂದ ಅವನನ್ನು ಕಾಯ್ದುದು ಅವನ ಮಾತು, ಮತ್ತು ಆ ಮಾತನ್ನು ಕೇಳಿಸಿಕೊಂಡ ಹಿರಿಯರ ಕಿವಿ.

ಪ್ರಸಾದವೆಂಬ ಶಬ್ದದ ಮೂಲಾರ್ಥವೇ ಪ್ರಸನ್ನತೆ, ತಿಳಿಯಾಗಿರುವಿಕೆ. ಶರೀರವನ್ನು ಕದಡುವುದು ಆ ಶರೀರಕ್ಕೆ ಪ್ರಸಾದವಾಗಲಾರದು. ಇನ್ನೊಂದನ್ನೂ ನೆನೆಯಬೇಕು. ಶೇಂಗಾ ಮತ್ತು ಮೆಣಸಿನಕಾಯಿಗಳು ಅಮೆರಿಕಾ ಖಂಡದಿಂದ ಸಮುದ್ರ ದಾಟಿ, ಕೊಲಂಬಸನ ಕಾಲದ ಅನಂತರ ನಮ್ಮ ನಾಡಿಗೆ ಬಂದವು. ಹನ್ನೆರಡನೆಯ ಶತಮಾನದ ಕಲ್ಯಾಣದ ಮಹಾಮನೆಯ ದಾಸೋಹದಲ್ಲಿ ಶೇಂಗಾ ಇರಲಿಲ್ಲ. ದಾಸೋಹವು ಪರಿಪೂರ್ಣವಾಗಿಯೇ ಇತ್ತು. ಹೀಗಿರುವಾಗ ಒಂದು ಮಗುವಿನ ತಟ್ಟೆಯಲ್ಲಿ ಅದಿಲ್ಲದಿದ್ದರೆ ಪ್ರಸಾದಕ್ಕೆ ಯಾವ ಊನವೂ ಇಲ್ಲ.

ಆದುದರಿಂದ ಮಠಗಳ ದಾಸೋಹ ಸಮಿತಿಯವರಲ್ಲಿಯೂ, ಮದುವೆ, ಜಾತ್ರೆ, ಗೃಹಪ್ರವೇಶಗಳಲ್ಲಿ ಅಡುಗೆ ಮಾಡಿಸುವ ಬಂಧುಗಳಲ್ಲಿಯೂ ಕೆಲವು ಬಿನ್ನಹಗಳಿವೆ. ಎಣ್ಣೆಗಾಯಿಯ ಮಸಾಲೆಯಲ್ಲಿ, ಸಾಬುದಾಣಿಯ ಖಿಚಡಿಯಲ್ಲಿ, ಚುರುಮುರಿಯಲ್ಲಿ ಶೇಂಗಾ ಕಣ್ಣಿಗೆ ಕಾಣದೆ ಅಡಗಿರುತ್ತದೆ. ಗಾಣದ ಶೇಂಗಾ ಎಣ್ಣೆಯಲ್ಲಿಯೂ ಪ್ರೋಟೀನಿನ ಅಂಶ ಉಳಿದಿರಬಹುದು. ಯಾವ ಪದಾರ್ಥದಲ್ಲಿ ಏನಿದೆಯೆಂದು ಕೇಳಿದವರಿಗೆ ಅಡುಗೆಯವರು ಬೇಸರಿಸದೆ ಹೇಳಬೇಕು. ಶೇಂಗಾ ಪದಾರ್ಥದ ಸೌಟನ್ನು ಬೇರೆ ಪಾತ್ರೆಗೆ ಹಾಕಬಾರದು. ಒಲ್ಲೆನ್ನುವ ಮಗುವಿನ ತಟ್ಟೆಗೆ ಕಣ್ತಪ್ಪಿಸಿ ಬಡಿಸಬಾರದು. 'ತಿಂದು ನೋಡಲಿ' ಎಂಬ ಪರೀಕ್ಷೆಯನ್ನು ಯಾರೂ ಮಾಡಬಾರದು. ಪ್ರಸಾದ ನಿಲಯಗಳಿಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಒಗ್ಗದ ಆಹಾರ ಯಾವುದಾದರೂ ಉಂಟೇ ಎಂದು ಕೇಳಿ ಬರೆದಿಟ್ಟುಕೊಂಡು, ಅಡುಗೆಮನೆಗೂ ತಿಳಿಸಬೇಕು. ಪೊಟ್ಟಣದ ತಿನಿಸುಗಳ ಮೇಲೆ ಶೇಂಗಾ, ಹಾಲು, ಗೋಧಿ, ಸೋಯಾ ಮೊದಲಾದವುಗಳಿದ್ದರೆ ನಮೂದಿಸಲೇಬೇಕೆಂಬ 2020ರ ನಿಯಮ ನಮ್ಮ ದೇಶದಲ್ಲಿದೆ. ಕೊಳ್ಳುವವರು ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಮಕ್ಕಳಿಗೂ ತಮ್ಮ ಒಗ್ಗದಿಕೆಯನ್ನು ನಾಚದೆ, ವಿನಯದಿಂದ ಹೇಳುವುದನ್ನು ಕಲಿಸಬೇಕು.

ವಿಜ್ಞಾನಿಗಳು ವರ್ಷಾನುಗಟ್ಟಲೆ ಶ್ರಮಿಸಿ, ಒಗ್ಗದ ಮಗುವಿಗೆ ಒಂದೆರಡು ಕಾಳಿನಷ್ಟು ಅಭಯವನ್ನು ಸಂಪಾದಿಸಿ ಕೊಟ್ಟಿದ್ದಾರೆ. ಅದು ಚಿಕ್ಕದೆಂದು ಯಾರೂ ಭಾವಿಸದಿರಲಿ. ತಾಯಿಯೊಬ್ಬಳು ರಾತ್ರಿ ನೆಮ್ಮದಿಯಿಂದ ಕಣ್ಣು ಮುಚ್ಚುವುದಕ್ಕೆ ಅಷ್ಟು ಸಾಕು. ಆ ಒಂದೆರಡು ಕಾಳಿನಾಚೆಗಿನ ರಕ್ಷಣೆಯು ಬಡಿಸುವ ನಮ್ಮೆಲ್ಲರ ಕೈಯಲ್ಲಿದೆ. ತಟ್ಟೆಯ ಜೊತೆಗೆ ಮುಖವನ್ನೂ ನೋಡಿ ಬಡಿಸುವ ದಾಸೋಹವು ಪ್ರತಿ ಮನೆಯಲ್ಲಿಯೂ, ಪ್ರತಿ ಮಠದಲ್ಲಿಯೂ ನಡೆಯಲಿ. ಯಾವ ಮಗುವೂ ಹಸಿದು ಏಳದಿರಲಿ, ಯಾವ ಮಗುವೂ ಅಂಜಿ ಉಣ್ಣದಿರಲಿ ಎಂದು ಹಾರೈಸುತ್ತೇನೆ. ಶರಣು.